ಓಗೊಡುವುದು

ನಾವು ಹುಡುಗರಾಗಿದ್ದಾಗ ನಮ್ಮ ಅಜ್ಜಿಯ ರಾಜ್ಯದಲ್ಲಿ ಎರಡು ಕಾನೂನುಗಳಿದ್ದವು. ಹಗಲು ಹೊತ್ತು ಅವಳು ಕರೆದ ಕೂಡಲೆ "ಓ" ಎನ್ನಬೇಕು. ಎನ್ನದಿದ್ದರೆ ಕಿವಿ ಹಿಂಡಿಸಿಕೊಳ್ಳಬೇಕು. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಕರೆದರೆ ಮೂರು ಸಲ ಕರೆಯುವ ತನಕ "ಓ" ಎನ್ನಕೂಡದು. ಏಕೆಂದರೆ ಮನುಷ್ಯರು ಮೂರು ಸಲ ಕರೆಯುತ್ತಾರೆ, ದೆವ್ವ ಒಂದೇ ಸಲ ಕರೆಯುತ್ತದೆ. "ಕೇಳಿಸಿತು ಅಜ್ಜಿ, ಬರುತ್ತಾ ಇದ್ದೆ" ಎಂಬ ನಮ್ಮ ಸಮಜಾಯಿಷಿ ಅವಳ ಮುಂದೆ ನಡೆಯುತ್ತಿರಲಿಲ್ಲ. "ನಿನಗೆ ಕೇಳಿಸಿತು ಅಂತ ನನಗೆ ಹೇಗೋ ಗೊತ್ತಾಗಬೇಕು? ನಾನೇನು ನಿನ್ನ ಕಿವಿಯೊಳಗೆ ಕೂತಿದ್ದೇನೆಯೇ?" ಎನ್ನುತ್ತಿದ್ದಳು.

ಮುಂದೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರದ ವೈರ್‌ಲೆಸ್ ಯಂತ್ರದ ಮುಂದೆ ಕೂತು ಸಂಬಳ ತಿಂದವನು ನಾನು. ತರಬೇತಿಯಲ್ಲಿ ನಮಗೆ ಕಲಿಸಿದ್ದರ ತಿರುಳೆಲ್ಲ ಅಜ್ಜಿಯ ಮೊದಲನೆಯ ಕಾನೂನೇ. ಆದರೆ ನಾನು ಕಂಡ ಕಚೇರಿಗಳಲ್ಲಿ ಜಾರಿಯಲ್ಲಿದ್ದದ್ದು ಹೆಚ್ಚಾಗಿ ಎರಡನೆಯದು. ಮೂರನೆಯ ಜ್ಞಾಪನಪತ್ರ ಬರುವ ತನಕ ಓಗೊಟ್ಟರೆ ಏನೋ ಕೇಡು ಹತ್ತಿಕೊಳ್ಳುತ್ತದೆಂದು ಅಲ್ಲಿಯವರೂ ನಂಬಿದ್ದರೆಂದು ತೋರುತ್ತದೆ.

ಈ ಹಳೆಯ ಮಾತೆಲ್ಲ ನೆನಪಾದದ್ದು 2023ರ ಅಕ್ಟೋಬರ್ 12ರಂದು. ನಮ್ಮ ಮನೆಯವರು ಹುರುಳಿಕಾಯಿ ಹೆಚ್ಚುತ್ತ ಕೂತಿದ್ದರು. ನಾನು ಪತ್ರಿಕೆ ಹಿಡಿದು ಅವರಿಗೆ ನೆರವಾಗುತ್ತಿದ್ದೆ. ಇದ್ದಕ್ಕಿದ್ದಂತೆ ಮನೆಯಲ್ಲಿದ್ದ ಮೊಬೈಲುಗಳೆರಡೂ ಕತ್ತು ಹಿಸುಕಿದ ಹಾಗೆ ಕಿರುಚಿಕೊಂಡವು. ಅವರ ಕೈಯಲ್ಲಿದ್ದ ಕಾಯಿ ಚೆಲ್ಲಿತು. ಪಕ್ಕದ ಮನೆಯಲ್ಲೂ ಅದೇ ಕೂಗು, ಬೀದಿಯಲ್ಲಿ ತರಕಾರಿ ಗಾಡಿಯವನ ಜೇಬಿನಲ್ಲೂ ಅದೇ ಕೂಗು. ಓದಿ ನೋಡಿದರೆ, ಇದು ಸರ್ಕಾರದ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ, ಇದನ್ನು ಲಕ್ಷಿಸಬೇಕಾಗಿಲ್ಲ ಎಂಬ ಅರ್ಥದ ಒಕ್ಕಣೆ. ಎದೆ ಬಾಯಿಗೆ ಬರುವಂತೆ ಕೂಗಿ ಕರೆದು, ಬಂದ ಮೇಲೆ "ಏನೂ ಇಲ್ಲ, ಹೋಗಿ" ಎನ್ನುವುದು ಮಕ್ಕಳಾಟವಷ್ಟೆ ಎಂದು ನಾನು ನಗುತ್ತಿದ್ದೆ. ನಮ್ಮ ಮನೆಯವರು ನಗಲಿಲ್ಲ. ಕಾಯಿ ಆರಿಸಿಕೊಳ್ಳುತ್ತ, "ನಮಗೆ ಕೇಳಿಸಿತು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದರು.

ನಾನು ಪತ್ರಿಕೆ ಮಡಿಸಿಟ್ಟೆ. ಅಜ್ಜಿಯನ್ನು ಇವರು ಕಂಡವರೇ ಅಲ್ಲ.

ಆ ವ್ಯವಸ್ಥೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒಂದು ಗೋಪುರದ ಆಸರೆಯಲ್ಲಿರುವ ಎಲ್ಲ ಮೊಬೈಲುಗಳಿಗೂ ಏಕಕಾಲದಲ್ಲಿ ಸುದ್ದಿ ಮುಟ್ಟಿಸುವುದು, ಯಾರ ನಂಬರೂ ಗೊತ್ತಿರಬೇಕಾಗಿಲ್ಲದಿರುವುದು, ಎಲ್ಲರೂ ಒಟ್ಟಿಗೆ ಮಾತನಾಡಿ ತಂತಿ ಕಿಕ್ಕಿರಿದಾಗಲೂ ಕೆಲಸ ಮಾಡುವುದು, ಇವೆಲ್ಲ ದೊಡ್ಡ ಮಾತುಗಳೇ. ಆದರೆ ಅದು ಡಂಗುರ. ಡಂಗುರ ಸಾರಿದವನಿಗೆ ಊರೊಳಗೆ ಯಾರು ಕೇಳಿದರು, ಕೇಳಿ ಏನೆಂದುಕೊಂಡರು ಎಂಬುದು ತಿಳಿಯುವುದಿಲ್ಲ. ಜನಕ್ಕೆ ಡಂಗುರ ಸಾಕೆಂದೇ ಇಟ್ಟುಕೊಳ್ಳೋಣ. ಜನವನ್ನು ಎತ್ತಿ ತರಲು ಹೊರಟವರ ನಡುವೆ, ಎಂದರೆ ಪೊಲೀಸು, ಅಗ್ನಿಶಾಮಕ, ಕಂದಾಯ, ನೀರಾವರಿ, ದಂಡು, ಇವರೊಳಗೆ ಡಂಗುರ ಸಾಲದು. ಅಲ್ಲಿ "ಓ" ಬೇಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

2009ರಲ್ಲಿ ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಸ್ಥಳದಲ್ಲಿದ್ದೆ. ಯಾವುದೆಂದು ಹೇಳುವುದು ಬೇಡ. ಅಲ್ಲಿ ನಾನು ಅನ್ನ ಉಂಡಿದ್ದೇನೆ. ಆ ವರ್ಷ ಮಳೆಯಿಲ್ಲದೆ ಜನ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದರು. ಬರದ ಲೆಕ್ಕದ ಕಡತಗಳು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮಳೆ ಹಿಡಿಯಿತು. ಮೂರು ನಾಲ್ಕು ದಿನದಲ್ಲಿ ಬರದ ಕಡತ ಒದ್ದೆಯಾಗಿ, ನೆರೆಯ ಕಡತ ತೆರೆಯಿತು. ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆ, ಇವುಗಳ ಜೊತೆಗೆ ಬೇಸಗೆಯಲ್ಲಿ ಎಮ್ಮೆಯ ಗೊರಸು ನೆನೆಯದ ಹಳ್ಳಗಳೆಲ್ಲ ಹೊಳೆಯಾದವು. ನಮ್ಮಲ್ಲಿ ಸುರಿದದ್ದೆಲ್ಲ ಕೆಳಗಿಳಿದು ಶ್ರೀಶೈಲದ ಅಣೆಕಟ್ಟು ಮುಟ್ಟಿದಾಗ ಅದು 25 ಲಕ್ಷ ಕ್ಯೂಸೆಕ್ಕಿಗೂ ಮೀರಿತ್ತು. ಆ ಅಣೆಕಟ್ಟನ್ನು ಕಟ್ಟಿದ್ದು ಸುಮಾರು 19 ಲಕ್ಷಕ್ಕೆ. ಮಂತ್ರಾಲಯ ಮುಳುಗಿತು. ನಮ್ಮ ರಾಜ್ಯದಲ್ಲೇ 200ಕ್ಕಿಂತ ಹೆಚ್ಚು ಜನ ಹೋದರು.

ಕಂಟ್ರೋಲ್ ರೂಮು ಎಂದರೆ ವಾಚಕರು ಏನೇನೋ ಕಲ್ಪಿಸಿಕೊಂಡಾರು. ಅದೊಂದು ಹಳೆಯ ಕೋಣೆ, ಮೂಲೆಯಲ್ಲಿ ಸೋರುತ್ತಿತ್ತು. ಸೋರುವಲ್ಲಿ ಒಂದು ಬಕೆಟ್ಟು ಇಟ್ಟಿದ್ದೆವು. ಒಂದು ಮೇಜಿನ ಮೇಲೆ ನನ್ನ ಯಂತ್ರ. ಇನ್ನೊಂದರ ಮೇಲೆ ಕಂದಾಯದ ಗುಮಾಸ್ತರು, ಎರಡು ಫೋನು. ಮೂರನೆಯದರ ಹತ್ತಿರ ಅಗ್ನಿಶಾಮಕದವರೊಬ್ಬರು, ಅವರ ಕೈಯಲ್ಲಿ ಅವರ ಇಲಾಖೆಯ ವಾಕಿ ಟಾಕಿ. ಎರಡನೆಯ ದಿನ ದಂಡಿನವರು ಬಂದರು. ಅವರ ಯಂತ್ರ ಅವರ ಜೀಪಿನಲ್ಲಿ. ಇಷ್ಟು ಯಂತ್ರಗಳಲ್ಲಿ ಒಂದು ಇನ್ನೊಂದರೊಡನೆ ಮಾತನಾಡುವ ಹಾಗಿಲ್ಲ. ಒಂದೊಂದರ ಕಂಪನಾಂಕ ಒಂದೊಂದು, ದಂಡಿನವರದಂತೂ ಹೊರಗಿನವರಿಗೆ ಕೇಳಿಸಬಾರದೆಂದೇ ಮಾಡಿದ್ದು. ಮಾತು ಬಿಟ್ಟ ಅತ್ತೆ ಸೊಸೆಯರು ಮಗುವನ್ನು ನಡುವೆ ಇಟ್ಟುಕೊಂಡು, "ನಿಮ್ಮಜ್ಜಿಗೆ ಊಟಕ್ಕೆ ಬರೋಕೆ ಹೇಳು" ಎನ್ನುವುದಿಲ್ಲವೆ, ಅದೇ ರೀತಿ. ಮಗುವಿನ ಸ್ಥಾನದಲ್ಲಿದ್ದವು ಚೀಟಿಗಳು. ನನಗೆ ಬಂದದ್ದನ್ನು ಚೀಟಿಯಲ್ಲಿ ಬರೆದು ಗುಮಾಸ್ತರಿಗೆ ಕೊಡುವುದು, ಅವರು ಅದನ್ನು ಫೋನಿನಲ್ಲಿ ಓದುವುದು, ಇಲ್ಲವೆ ಹೊರಗೆ ನಿಂತ ಜೀಪಿಗೆ ಓಡಿಸುವುದು.

ನಮ್ಮ ಅಧಿಕಾರಿಯೊಬ್ಬರು ಮೊದಲ ತುಕಡಿಯ ಜೊತೆಗೆ ಒಂದು ಉಪಾಯ ಮಾಡಿದ್ದರು. ಆ ಭಾಗದವನೇ ಆದ ಒಬ್ಬ ಪೇದೆಯ ಕೈಗೆ ನಮ್ಮ ವಾಕಿ ಟಾಕಿ ಕೊಟ್ಟು ದಂಡಿನ ಜೀಪಿನಲ್ಲೇ ಕೂರಿಸಿದರು. ಒಂದು ಕಿವಿಯಲ್ಲಿ ನಮ್ಮ ಮಾತು ಕೇಳಿ ಇನ್ನೊಂದು ಕಡೆಗೆ ಅರೆಬರೆ ಹಿಂದಿಯಲ್ಲಿ ಹೇಳಿ, ದಾರಿಯಲ್ಲಿ ಯಾವ ಸೇತುವೆ ಕುಸಿದಿದೆ, ಯಾವ ಹೊಲದ ಬದುವಿನ ಮೇಲೆ ಹೋಗಬಹುದು ಎಂದು ತೋರಿಸಿಕೊಂಡು ಅವನು ಅವರನ್ನು ಕರೆದೊಯ್ದ. ಆ ನಾಲ್ಕು ದಿನದಲ್ಲಿ ನಾನು ಕಂಡ ಅತ್ಯುತ್ತಮ ಯಂತ್ರ ಅವನೇ. ಎರಡನೆಯ ತುಕಡಿಗೆ ಅಂಥವನೊಬ್ಬ ಸಿಕ್ಕಲಿಲ್ಲ. ಅಂದು ಅಕ್ಟೋಬರ್ 2; ಗಾಂಧಿ ಜಯಂತಿಯ ರಜೆ ಬೇರೆ. ಅರ್ಧ ಜನ ಊರಿಗೆ ಹೋದವರು ಮಳೆಯಲ್ಲಿ ಅಲ್ಲಲ್ಲೇ ಸಿಕ್ಕಿಕೊಂಡಿದ್ದರು.

ಈಗ ಒಂದು ಭೂಗೋಳದ ಸಂಗತಿ ಹೇಳಬೇಕು. ಉತ್ತರ ಕರ್ನಾಟಕದ ನಕಾಶೆ ನೋಡಿದವರಿಗೆ ಗೊತ್ತು, ಅಲ್ಲಿ ಒಂದೇ ಹೆಸರಿನ ಊರು ಜೋಡಿ ಜೋಡಿಯಾಗಿರುತ್ತವೆ. ಒಂದರ ಮುಂದೆ ಬಿ.ಕೆ. ಎಂದೂ ಇನ್ನೊಂದರ ಮುಂದೆ ಕೆ.ಡಿ. ಎಂದೂ ಬರೆದಿರುತ್ತದೆ. ನಾನು ಹಳೆಯ ಮೈಸೂರಿನ ಕಡೆಯವನು. ಮೊದಮೊದಲು ಇವು ಯಾರೋ ಮಹನೀಯರ ಇನಿಷಿಯಲ್ಲುಗಳೆಂದು ತಿಳಿದಿದ್ದೆ. ಬಿ.ಕೆ. ಎಂದರೆ ಬುದ್ರುಕ್, ದೊಡ್ಡದು, ಕೆ.ಡಿ. ಎಂದರೆ ಖುರ್ದ್, ಸಣ್ಣದು. ಪಾರಸಿಯಲ್ಲಿ ಲೆಕ್ಕ ಬರೆದ ಕಾಲದ ಮಾತುಗಳು. ಬಾದಶಹರು ಹೋದರು, ಪೇಶ್ವೆಯರು ಹೋದರು, ಇಂಗ್ಲಿಷರೂ ಹೋದರು. ಎರಡೆರಡು ಅಕ್ಷರ ಉಳಿದುಕೊಂಡಿವೆ. ಬೋರ್ಡಿನ ಮೇಲೆ, ರೇಷನ್ ಕಾರ್ಡಿನ ಮೇಲೆ, ವೈರ್‌ಲೆಸ್ಸಿನಲ್ಲಿ ಅವೇ. ಊರವರು ಮಾತ್ರ ಅವನ್ನು ಬಾಯಲ್ಲಿ ಆಡುವುದು ಕಡಿಮೆ. ನಾನು ಹೇಳಹೊರಟ ಜೋಡಿಯನ್ನು ಅವರು ದೊಡ್ಡೂರು, ಸಣ್ಣೂರು ಎಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆಯುತ್ತೇನೆ. ದೊಡ್ಡೂರು ಹೊಳೆಯ ಈಚೆ ದಂಡೆಯ ದಿಬ್ಬದ ಮೇಲೆ. ಸಣ್ಣೂರು ಆಚೆ ದಂಡೆಯ ತಗ್ಗಿನಲ್ಲಿ.

ಮಧ್ಯಾಹ್ನ ನಾಲ್ಕು ಗಂಟೆಗೆ ತಾಲೂಕಿನ ಠಾಣೆಯಿಂದ ಕರೆ ಬಂತು. ಮಳೆಯ ಗಲಾಟೆ, ಯಂತ್ರದ ಕರಕರ. ನಲವತ್ತಮೂರು ಜನ ಶಾಲೆಯ ಮಾಳಿಗೆಯ ಮೇಲಿದ್ದಾರೆ, ನೀರು ಏರುತ್ತಿದೆ, ದೋಣಿ ಕಳಿಸಿ ಎಂದು ಸುದ್ದಿ. ಊರಿನ ಹೆಸರು ಸರಿಯಾಗಿ ಕೇಳಿಸಿತು. ಅದರ ಮುಂದಿನ ಎರಡು ಅಕ್ಷರಗಳಲ್ಲಿ ನನಗೆ ಕೇಳಿಸಿದ್ದು "ಕೆ" ಒಂದೇ.

"ಕೆ" ಎರಡರಲ್ಲೂ ಇದೆ.

ಆಗ ಏನು ಮಾಡಬೇಕೆಂಬುದನ್ನು ನಾನೇ ಎಷ್ಟೋ ಹುಡುಗರಿಗೆ ಕಲಿಸಿದ್ದೆ. ಕೇಳಿದ್ದನ್ನು ತಿರುಗಿ ಹೇಳಬೇಕು. ಸಂಶಯವಿದ್ದ ಅಕ್ಷರವನ್ನು ಬ್ರಾವೊ, ಕಿಲೊ, ಡೆಲ್ಟಾ ಎಂದು ಬಿಡಿಸಿ ಕೇಳಬೇಕು. ಆಚೆಯವನು ಸರಿ ಎಂದ ಮೇಲೆ ಬರೆದುಕೊಳ್ಳಬೇಕು. ಅರ್ಧ ನಿಮಿಷದ ಕೆಲಸ. ಆದರೆ ಇನ್ನೊಂದು ಠಾಣೆ ಕೂಗುತ್ತಿತ್ತು, ಗುಮಾಸ್ತರು ಕೈ ಚಾಚಿ ನಿಂತಿದ್ದರು, ನಾನು ಎರಡು ರಾತ್ರಿ ಮಲಗಿರಲಿಲ್ಲ. ನಲವತ್ತಮೂರು ಜನ ಎಂದ ಮೇಲೆ ದೊಡ್ಡ ಊರೇ ಇರಬೇಕೆಂದು ನನ್ನ ಬುದ್ಧಿ ನನಗೆ ಹೇಳಿತು. "ತಿಳಿಯಿತು, ಓವರ್" ಎಂದೆ. ಚೀಟಿಯಲ್ಲಿ ಬಿ.ಕೆ. ಎಂದು ಬರೆದೆ.

ಚೀಟಿ ಗುಮಾಸ್ತರಿಗೆ ಹೋಯಿತು. ಗುಮಾಸ್ತರಿಂದ ಜೀಪಿಗೆ ಹೋಯಿತು. ದಂಡಿನ ಅಧಿಕಾರಿ ನಕಾಶೆಯಲ್ಲಿ ಹುಡುಕಿ ಬೆರಳಿಟ್ಟರು. ಯಾರೂ ಯಾರನ್ನೂ ಏನೂ ತಿರುಗಿ ಕೇಳಲಿಲ್ಲ. ಚೀಟಿಯ ಮೇಲೆ ಸ್ಪಷ್ಟವಾಗಿಯೇ ಬರೆದಿತ್ತಲ್ಲ. ನನ್ನ ಅಕ್ಷರ ಬಹಳ ಗುಂಡಗೆ ಇರುತ್ತದೆ. ಸಂಶಯವೆನ್ನುವುದು ನನ್ನ ಮೇಜಿನ ಮೇಲೆ ಸತ್ತಿತು. ಅದರ ಮುಂದೆ ಹೋದದ್ದು ಬರೀ ಖಾತ್ರಿ.

ದೋಣಿ ದೊಡ್ಡೂರಿಗೆ ಹೋಯಿತು. ಅಲ್ಲಿಯ ಶಾಲೆಯ ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ದಿಬ್ಬದ ಮೇಲಿನ ಜನ ಚಹ ಮಾಡಿ ಕೊಟ್ಟರಂತೆ. ನೆರೆಯಲ್ಲಿ ಸುಳ್ಳು ಸುದ್ದಿ ಬಹಳ ಹರಡುತ್ತದೆಂದು ದಂಡಿನವರು ಮರಳಿದರು. ಅವರ ಯಂತ್ರದಲ್ಲಿ ಅವರ ಠಾಣ್ಯಕ್ಕೆ ಹಾಗೆಂದು ವರದಿಯೂ ಮಾಡಿದರು. ಆ ವರದಿ ನಮ್ಮ ಕೋಣೆಗೆ ಬರುವ ದಾರಿಯೇ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಆ ಸಾಲಿನ ಎದುರಿಗೆ "ಕ್ರಮ ಕೈಗೊಂಡಿದೆ" ಎಂದು ಬರೆದಾಗಿತ್ತು.

ಏಳು ಗಂಟೆಗೆ ಕೆಲವು ನಿಮಿಷವಿರುವಾಗ ಗುಮಾಸ್ತರ ಫೋನು ಬಂತು. ಪುಣೆಯಿಂದ. ಅಲ್ಲಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಣ್ಣೂರಿನ ಹುಡುಗ. ಮಾಳಿಗೆಯ ಮೇಲಿನವರಲ್ಲಿ ಯಾರೋ ಒಬ್ಬರ ಮೊಬೈಲಿಗೆ ಆಚೆ ಎಲ್ಲಿಂದಲೋ ಒಂದಿಷ್ಟು ಸಿಗ್ನಲ್ ಸಿಕ್ಕಿ, ಅವರು ಅವನನ್ನು ಕರೆದಿದ್ದರು. ಅವನು ಯಾರು ಯಾರನ್ನೋ ಕೇಳಿ ನಮ್ಮ ನಂಬರು ಹಿಡಿದಿದ್ದ. ಗುಮಾಸ್ತರು ಪುಸ್ತಕ ನೋಡಿ, ದೋಣಿ ಆಗಲೇ ಹೋಗಿದೆಯಲ್ಲ ಎಂದರು. ಅವನು ಕೂಗಿದ್ದು ನನ್ನ ಮೇಜಿಗೇ ಕೇಳಿಸಿತು. "ಎಲ್ಲಿಗಿ ಹೋಗೇತ್ರೀ ಸಾಹೇಬ್ರ? ದೊಡ್ಡೂರ ಅಲ್ರೀ, ಸಣ್ಣೂರ! ಹೊಳಿ ಆ ಕಡಿ ದಂಡಿ! ನಮ್ಮ ಮಂದಿ ಸಾಲಿ ಮಾಳಗಿ ಮ್ಯಾಲ ನಿಂತಾರ!"

ಎದ್ದು ಹೋಗಿ ಫೋನು ಇಸಕೊಂಡೆ. ಅವನು ಹೇಳಿದ್ದನ್ನು ಅವನಿಗೇ ತಿರುಗಿ ಹೇಳಿದೆ. ಸಣ್ಣೂರು, ಹೊಳೆಯ ಆಚೆ, ಶಾಲೆಯ ಮಾಳಿಗೆ, ನಲವತ್ತಮೂರು. "ಹೌದ್ರೀ" ಎಂದ. ದೊಡ್ಡ, ಸಣ್ಣ. ಕರಕರದಲ್ಲೂ ಮಳೆಯಲ್ಲೂ ಒಂದನ್ನು ಇನ್ನೊಂದೆಂದು ಯಾರೂ ಕೇಳಲಾರದ ಎರಡು ಮಾತುಗಳು ಕನ್ನಡದಲ್ಲಿ ಇದ್ದವು. ನಾವು ಎರಡು ಅಕ್ಷರ ಹಿಡಿದುಕೊಂಡು ಕೂತಿದ್ದೆವು.

ದೋಣಿ ಸಣ್ಣೂರು ಮುಟ್ಟಿದ್ದು ರಾತ್ರಿ ಎಂಟೂವರೆಗೆ, ಟಾರ್ಚು ಹಿಡಿದುಕೊಂಡು. ಎಲ್ಲರನ್ನೂ ಇಳಿಸಿ ತಂದರು. ನಲವತ್ತಮೂರಕ್ಕೆ ನಲವತ್ತಮೂರು. ಅವರಲ್ಲಿ ಜ್ವರದಲ್ಲಿದ್ದ ಒಬ್ಬ ಮುದುಕಿ ಮೂರನೆಯ ದಿನ ಪರಿಹಾರ ಕೇಂದ್ರದಲ್ಲಿ ತೀರಿಕೊಂಡಳು. ಡಾಕ್ಟರು, ವಯಸ್ಸಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು, ಮೊದಲೇ ತಂದಿದ್ದರೂ ಹೇಳಲಾಗುತ್ತಿರಲಿಲ್ಲ ಎಂದರು. ಇರಬಹುದು. ಮೂರು ಗಂಟೆಗೂ ಮಿಕ್ಕು ಹೆಚ್ಚಿಗೆ ಮಳೆಯಲ್ಲಿ ನೆನೆದದ್ದು ಎಷ್ಟರ ಮಟ್ಟಿಗೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ವಿಚಾರಣೆಯೂ ಆಗಲಿಲ್ಲ, ಮೆಮೋವೂ ಬರಲಿಲ್ಲ. ಅಷ್ಟು ದೊಡ್ಡ ನೆರೆಯಲ್ಲಿ ಅದು ಕಣ್ಣಿಗೆ ಬೀಳುವ ಸಂಗತಿಯಲ್ಲ.

ಎರಡು ವರ್ಷದ ಮೇಲೆ ನಿವೃತ್ತನಾಗಿ ಬೆಂಗಳೂರಿಗೆ ಬಂದೆ. ಮಾಡಲು ಕೆಲಸವಿಲ್ಲದವನು, ನನ್ನಂಥವರು ಬೇರೆ ಕಡೆಯೂ ಇದ್ದಾರೆಯೇ ಎಂದು ಹುಡುಕಿದೆ ಎಂದರೂ ಸರಿಯೆ. ಇದ್ದರು. 2004ರ ಡಿಸೆಂಬರ್ 26ರಂದು ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾದ ಹತ್ತಿರ ಭೂಮಿ ನಡುಗಿತು. ಕಾರ್ ನಿಕೋಬಾರಿನಲ್ಲಿದ್ದ ವಾಯುಪಡೆಯ ನೆಲೆಗೆ ನೀರು ನುಗ್ಗಿದ ಸುದ್ದಿ ಎಂಟು ಗಂಟೆಯ ಒಳಗೇ ವಾಯುಪಡೆಯ ಮೇಲಿನವರಿಗೆ ಮುಟ್ಟಿತ್ತು. ಅಲೆ ಚೆನ್ನೈಯ ದಂಡೆಗೆ ಬಂದದ್ದು ಒಂಬತ್ತರ ಸುಮಾರಿಗೆ. ನಡುವೆ ಒಂದು ಗಂಟೆ ಇತ್ತು. ಆ ಒಂದು ಗಂಟೆಯಲ್ಲಿ ಹವಾಮಾನ ಇಲಾಖೆಯಿಂದ ಸಚಿವರಿಗೆ ಒಂದು ಫ್ಯಾಕ್ಸು ಹೋಯಿತು. ಹೋದದ್ದು ಹಿಂದಿನ ಸರ್ಕಾರದ ಸಚಿವರಿಗೆ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಸರ್ಕಾರ ಬದಲಾಗಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಓದಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಫ್ಯಾಕ್ಸು ಕಳಿಸಿದ ಗುಮಾಸ್ತನ ಯಂತ್ರದಲ್ಲಿ ಕಾಗದ ಸುತ್ತಿ ಸುತ್ತಿ ಒಳಗೆ ಹೋಗಿ "ತಲುಪಿದೆ" ಎಂದು ಚೀಟಿ ಬಂದಿರುತ್ತದೆ. ಅವನು ಅದನ್ನು ಕಡತಕ್ಕೆ ಹೊಲಿದಿರುತ್ತಾನೆ.

ಅದೇ ದಿನ ಪೋರ್ಟ್ ಬ್ಲೇರಿನಲ್ಲಿ ಭಾರತಿ ಪ್ರಸಾದ್ ಎಂಬಾಕೆಯ ತಂಡ ಇತ್ತು. ಇವರು ಹ್ಯಾಮ್ ರೇಡಿಯೋ ಹವ್ಯಾಸಿಗಳು. ಅಂಡಮಾನಿನಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡಲೆಂದು ಆ ತಿಂಗಳ ಮೊದಲಲ್ಲೇ ಅಲ್ಲಿಗೆ ಹೋಗಿದ್ದರು. ಫೋನುಗಳು ಸತ್ತಮೇಲೆ ಅವರ ರೇಡಿಯೋಗಳೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ಈ ಹವ್ಯಾಸಿಗಳಲ್ಲಿ ಒಂದು ಸಂಪ್ರದಾಯವಿದೆ. ದೂರದವನೊಬ್ಬನ ದನಿ ಕೇಳಿಸಿದರೆ, ಎಷ್ಟು ಗಂಟೆಗೆ, ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದು ಅವನಿಗೆ ಅಂಚೆಯಲ್ಲಿ ಒಂದು ಕಾರ್ಡು ಬರೆಯುತ್ತಾರೆ. ಕ್ಯೂಎಸ್‌ಎಲ್ ಕಾರ್ಡೆಂದು ಅದರ ಹೆಸರು. ತಂತಿಯ ಕಾಲದ ಸಂಕೇತ ಅದು; ಅರ್ಥ, ನಿನ್ನ ಮಾತು ನನಗೆ ಮುಟ್ಟಿತು ಎಂದು. ಸಂಬಳವಿಲ್ಲದೆ ಮಾತನಾಡುವವರು ಓಗೊಡುವುದಕ್ಕೆ ಅಂಚೆಯ ಖರ್ಚನ್ನೂ ಹಾಕಿಕೊಳ್ಳುತ್ತಾರೆ.

ನ್ಯೂಯಾರ್ಕಿನ ಸಂಗತಿ ಇನ್ನೂ ಕಠಿಣ. 2001ರ ಸೆಪ್ಟೆಂಬರ್ 11ರಂದು ದಕ್ಷಿಣದ ಗೋಪುರ ಬಿದ್ದದ್ದು 9 ಗಂಟೆ 59 ನಿಮಿಷಕ್ಕೆ, ಉತ್ತರದ್ದು 10 ಗಂಟೆ 28ಕ್ಕೆ. ನಡುವೆ ಅರ್ಧ ಗಂಟೆ. ಮೇಲೆ ಸುತ್ತುತ್ತಿದ್ದ ಪೊಲೀಸರ ಹೆಲಿಕಾಪ್ಟರಿನವರು ಉತ್ತರದ ಗೋಪುರವೂ ಉಳಿಯುವಂತಿಲ್ಲವೆಂದು ಕಂಡು ತಮ್ಮ ರೇಡಿಯೋದಲ್ಲಿ ಹೇಳಿದರು. ಆ ಗೋಪುರದ ಮೆಟ್ಟಿಲುಗಳ ಮೇಲಿದ್ದ ಅಗ್ನಿಶಾಮಕದವರ ರೇಡಿಯೋ ಬೇರೆ. ಅಂದು ಸತ್ತ ಅಗ್ನಿಶಾಮಕದವರು 343 ಮಂದಿ. ವಿಚಾರಣಾ ಆಯೋಗ 2004ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಮಾತನ್ನು ನಾನು ಮೂರು ಸಲ ಓದಿದ್ದೇನೆ. ಎತ್ತರದ ಅಂತಸ್ತುಗಳಿಗೆ ದನಿ ಮುಟ್ಟಲೆಂದು ಒಂದು ಮರುಪ್ರಸಾರದ ಯಂತ್ರವಿತ್ತು. ಅದನ್ನು ಪೂರ್ಣವಾಗಿ ಚಾಲೂ ಮಾಡಲು ಉತ್ತರ ಗೋಪುರದ ಕೆಳಗಿನ ಮೇಜಿನಲ್ಲಿ ಎರಡು ಗುಂಡಿ ಒತ್ತಬೇಕಾಗಿತ್ತು, ಒಂದನ್ನು ಒತ್ತಿದ್ದರು. ಪರೀಕ್ಷಿಸಿ ನೋಡಿದವರು, ಓಗೊಡುವವರಿಲ್ಲದ್ದರಿಂದ, ಯಂತ್ರವೇ ಕೆಟ್ಟಿದೆಯೆಂದು ಬಿಟ್ಟರು. ಬೆಂಕಿಗೆ ಎದುರಾಗಿ ಹತ್ತಿಹೋದ ಅಂಥ ಶೂರರ ಎದುರಿಗೆ ನನ್ನ ಚೀಟಿಯನ್ನು ಇಡುವುದು ಉದ್ಧಟತನವೆಂದು ನನಗೂ ಗೊತ್ತು. ಆದರೂ ಆ ಒಂದು ಗುಂಡಿ ನನಗೆ ಬಹಳ ಪರಿಚಿತವಾಗಿ ಕಂಡಿತು.

ಇಂಥ ಎಲ್ಲ ಇಲಾಖೆಗಳಿಗೂ ಒಂದೇ ಜಾಲ ಬೇಕೆಂದು ಆ ದೇಶದಲ್ಲಿ ಕಾನೂನು ಆದದ್ದು 2012ರಲ್ಲಿ, ಹನ್ನೊಂದು ವರ್ಷದ ಮೇಲೆ. ಅಲ್ಲಿಯೂ ನಮ್ಮ ಅಜ್ಜಿಯ ಎರಡನೆಯ ಕಾನೂನು ನಡೆಯುತ್ತದೆಂದು ನನಗೆ ಒಂದು ಬಗೆಯ ಸಮಾಧಾನ. ನಮ್ಮಲ್ಲಿ ಸುನಾಮಿಯ ಮರುವರ್ಷವೇ, 2005ರಲ್ಲಿ, ವಿಪತ್ತು ನಿರ್ವಹಣೆಯ ಕಾನೂನು ಬಂತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿಯ ಮುನ್ನೆಚ್ಚರಿಕೆಯ ಕೇಂದ್ರವಾಯಿತು. ಈಗ 112 ಎಂಬ ಒಂದೇ ನಂಬರು ಇದೆ. ಇವು ಸಣ್ಣ ಕೆಲಸಗಳಲ್ಲ. ಆದರೆ ಯಂತ್ರಗಳನ್ನು ಒಂದುಗೂಡಿಸಿದ ಮಾತ್ರಕ್ಕೆ ಮಾತು ಒಂದುಗೂಡುವುದಿಲ್ಲವೆಂದು ನನ್ನ ಹಟ. ಕೃಷ್ಣೆಯನ್ನೇ ನೋಡಿ. ಮಹಾಬಲೇಶ್ವರದಲ್ಲಿ ಹುಟ್ಟಿ, ಕೊಯ್ನೆಯ ನೀರನ್ನು ಕೂಡಿಸಿಕೊಂಡು, ಸಾಂಗಲಿ ದಾಟಿ ನಮ್ಮ ಗಡಿಗೆ ಬರುತ್ತಾಳೆ. ಆಲಮಟ್ಟಿ, ನಾರಾಯಣಪುರಗಳಲ್ಲಿ ನಿಂತು ಮುಂದಕ್ಕೆ ಇನ್ನೊಂದು ರಾಜ್ಯಕ್ಕೆ ಹೋಗುತ್ತಾಳೆ. ನೀರಿಗೆ ಚೆಕ್‌ಪೋಸ್ಟಿಲ್ಲ. ಸುದ್ದಿಗೆ ಇದೆ. 2019ರ ಆಗಸ್ಟಿನಲ್ಲಿ ಸಾಂಗಲಿಯೂ ಮುಳುಗಿತು, ಬೆಳಗಾವಿ, ಬಾಗಲಕೋಟೆಗಳೂ ಮುಳುಗಿದವು; ಆಲಮಟ್ಟಿಯಿಂದ ಎಷ್ಟು ಬಿಟ್ಟರು, ಬೇಗ ಬಿಟ್ಟರೇ ಎಂದು ಎರಡು ರಾಜ್ಯಗಳ ನಡುವೆ ವಾದ ನಡೆಯಿತು.

ಇನ್ನು ಆ "ಕ್ಯೂಸೆಕ್" ಎಂಬ ಮಾತು. ಅಣೆಕಟ್ಟಿನಿಂದ ಇಷ್ಟು ಲಕ್ಷ ಕ್ಯೂಸೆಕ್ ಬಿಟ್ಟಿದೆಯೆಂದು ನೀರಾವರಿಯವರು ಹೇಳುತ್ತಾರೆ, ನಾವು ತಹಸೀಲ್ದಾರರಿಗೆ ಹೇಳುತ್ತೇವೆ, ಅವರು ಊರಿನ ತಲಾಟಿಗೆ, ಅವನು ವಾಲೀಕಾರನಿಗೆ. ವಾಲೀಕಾರ ಹಲಗೆ ಬಾರಿಸುತ್ತ "ಮೂರು ಲಕ್ಷ ಕ್ಯೂಸೆಕ್" ಎಂದು ಕೂಗುತ್ತಾನೆ. ಒಂದು ಸೆಕೆಂಡಿಗೆ ಒಂದು ಘನ ಅಡಿ, ಎಂದರೆ ಇಪ್ಪತ್ತೆಂಟು ಲೀಟರಿಗೆ ತುಸು ಹೆಚ್ಚು, ಎಂಬ ವಿವರ ನನಗೂ ಆಮೇಲೆ ತಿಳಿದದ್ದು. ಊರವರಿಗೆ ಬೇಕಾದದ್ದು ಒಂದೇ. ನೀರು ಹನುಮಪ್ಪನ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ? ನಾಲ್ಕು ಮೇಜು ದಾಟಿ ಬರುವಾಗ ಯಾವ ಮೇಜಿನವರಾದರೂ ಲಕ್ಷವನ್ನು ಮೆಟ್ಟಿಲಾಗಿ ಮಾಡಿ ಹೇಳಬೇಕಾಗಿತ್ತು. ಎಲ್ಲರೂ ಬಂದದ್ದನ್ನು ಬಂದ ಹಾಗೆ ಕಳಿಸಿದೆವು, ಪ್ರಾಮಾಣಿಕರು ನೋಡಿ.

ಪುದುಚೇರಿಯ ಹತ್ತಿರ ನಲ್ಲವಾಡು ಎಂಬ ಬೆಸ್ತರ ಊರು ಇದೆ. ಅಲ್ಲಿ ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಒಂದು ಮಾಹಿತಿ ಕೇಂದ್ರ ಮಾಡಿ, ಸಮುದ್ರದ ಅಲೆ, ಮೀನಿನ ದರ ಇವನ್ನು ದಿನವೂ ಧ್ವನಿವರ್ಧಕದಲ್ಲಿ ಹೇಳುವ ರೂಢಿ ಇತ್ತು. ಸುನಾಮಿಯ ದಿನ ಸಿಂಗಪುರದಲ್ಲಿದ್ದ ಆ ಊರಿನ ಹುಡುಗನೊಬ್ಬ ಸುದ್ದಿ ಕೇಳಿ ಮನೆಗೆ ಫೋನು ಮಾಡಿದ. ಊರವರು ಕೇಂದ್ರಕ್ಕೆ ಓಡಿ ಅದೇ ಧ್ವನಿವರ್ಧಕದಲ್ಲಿ ಕೂಗಿದರು. ಸುಮಾರು 500 ಕುಟುಂಬದ ಆ ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಇದನ್ನು ಓದಿದಾಗ ನನಗೆ ಪುಣೆಯ ಹುಡುಗನ ನೆನಪಾಗದೆ ಹೇಗಿರುತ್ತದೆ? ಆದರೆ ನನ್ನ ಗಮನ ಹೆಚ್ಚಾಗಿ ಹೋದದ್ದು ಆ ಮೀನಿನ ದರದ ಕಡೆಗೆ. ಏನೂ ಆಗದ ದಿನಗಳಲ್ಲಿ ದಿನವೂ ಮೀನಿನ ದರ ಹೇಳಿ ಹೇಳಿ ಜನ ಆ ದನಿಯನ್ನು ನಂಬಿದ್ದರು. ಅದಕ್ಕೇ ಅಂದು ಮಾತು ನಡೆಯಿತು. ನಮ್ಮ ಕೋಣೆಯ ಮೂರು ಮೇಜಿನವರು ನೆರೆ ಬರುವುದಕ್ಕೆ ಮುಂಚೆ ಒಂದು ಸಲವಾದರೂ ಒಟ್ಟಿಗೆ ಕೂತು ಚಹ ಕುಡಿದಿರಲಿಲ್ಲ. ಗುಮಾಸ್ತರ ಹೆಸರು ನನಗೆ ತಿಳಿದದ್ದು ಎರಡನೆಯ ರಾತ್ರಿ.

ನೆರೆ ಇಳಿದ ಆರು ತಿಂಗಳ ಮೇಲೆ ರಜೆ ಹಾಕಿ ಸಣ್ಣೂರಿಗೆ ಹೋಗಿದ್ದೆ. ಶಾಲೆಯ ಮಾಸ್ತರರನ್ನು ಕಂಡೆ. ಅಂದು ಮಾಳಿಗೆಯ ಮೇಲೆ ಎಲ್ಲರ ಎಣಿಕೆ ಇಟ್ಟವರು ಅವರೇ. ಗೋಡೆಯ ಮೇಲೆ ನೀರು ನಿಂತ ಗೆರೆ ತೋರಿಸಿದರು. ನನ್ನ ಕಿವಿಗಿಂತ ಎತ್ತರಕ್ಕಿತ್ತು. ಆ ಮುದುಕಿಯ ಮನೆಗೂ ಕರೆದುಕೊಂಡು ಹೋದರು. ಸೊಸೆ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಬೆಂಗಳೂರಿನ ಕಡೆಯ ಸಾಹೇಬರು ನೆನಪಿಟ್ಟು ನೋಡಲು ಬಂದರಲ್ಲ ಎಂದು ಅವಳಿಗೆ ಸಂತೋಷ. ಹೇಳಬೇಕೆಂದೇ ಹೋಗಿದ್ದೆ. ರೊಟ್ಟಿ ತಿಂದು ಎದ್ದು ಬಂದೆ. ಮಾಸ್ತರರಿಗೆ ಮಾತ್ರ, ಬಸ್ಸಿಗೆ ಕಾಯುವಾಗ, ಬಿ.ಕೆ. ಕೆ.ಡಿ.ಯ ಕಥೆ ಹೇಳಿದೆ. ಅವರು ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದು, "ನಮಗೂ ಟಪಾಲು ಭಾಳ ಸಲ ದೊಡ್ಡೂರಿಗೇ ಹೋಗ್ತದ್ರೀ" ಎಂದರು. ಬೈದಿದ್ದರೆ ವಾಸಿಯಾಗಿತ್ತು.

ಆಮೇಲೆ ಸರ್ಕಾರದ ಆಸರೆ ಯೋಜನೆಯಲ್ಲಿ ಸಣ್ಣೂರಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳಾದವು. ಅರ್ಧ ಜನ ಅಲ್ಲಿಗೆ ಹೋದರು. ಅರ್ಧ ಜನ ಹೊಲ ಹತ್ತಿರವೆಂದು ಹಳೆಯ ತಗ್ಗಿನಲ್ಲೇ ಉಳಿದರು. ಈಗ ಕಾಗದದ ಮೇಲೆ ಆ ಹೊಸ ಊರಿನ ಹೆಸರು, ಹಳೆಯ ಹೆಸರು, ಅದರ ಮುಂದೆ ಕೆ.ಡಿ., ಅದರ ಮುಂದೆ ಪುನರ್ವಸತಿ ಕೇಂದ್ರ. ವೈರ್‌ಲೆಸ್ಸಿನಲ್ಲಿ ಅದನ್ನು ಹೇಳುವ ಹುಡುಗನನ್ನು ನೆನೆದು ನನಗೆ ಮರುಕವಾಗುತ್ತದೆ.

ಮಾಸ್ತರರೂ ನಿವೃತ್ತರಾಗಿದ್ದಾರೆ. ಪ್ರತಿ ವರ್ಷ ಮಳೆಗಾಲದಲ್ಲಿ, ಆ ಕಡೆ ಹೊಳೆ ಏರಿದೆಯೆಂದು ಪತ್ರಿಕೆಯಲ್ಲಿ ಕಂಡರೆ, ನಾನು ಅವರಿಗೆ ಫೋನು ಮಾಡುತ್ತೇನೆ. ಈ ಸಲವೂ ಮಾಡಿದೆ. ಲೈನು ಕೆಟ್ಟದಾಗಿತ್ತು, ಮಳೆಯ ಸದ್ದು ಕೇಳುತ್ತಿತ್ತು. "ನೀರು ಎಲ್ಲಿಗೆ ಬಂದಿದೆ?" ಎಂದೆ. "ಗುಡಿ ಮೂರನೇ ಮೆಟ್ಟಲಕ್ಕ" ಎಂದರು. "ಮೂರನೆಯ ಮೆಟ್ಟಿಲಿಗೆ" ಎಂದು ತಿರುಗಿ ಹೇಳಿದೆ. "ಹೌದ್ರೀ, ಮೂರನೇದಕ್ಕ" ಎಂದರು. "ಯಾವ ಊರು?" ಎಂದು ಕೇಳಿದೆ, ಪ್ರತಿ ಸಲವೂ ಕೇಳುತ್ತೇನೆ. ಅವರು ನಕ್ಕರು. "ಸಣ್ಣೂರ್ರೀ, ಸಣ್ಣೂರು." ನಮ್ಮ ಮನೆಯವರು ಒಳಗಿನಿಂದ ಯಾರದು ಫೋನು ಎಂದು ಕರೆದರು. "ಓ" ಎಂದೆ.